ಮಾಯದ ಹುಣ್ಣುಗಳು: ಮನೆಯಲ್ಲಿ ಆರೈಕೆ ಪಡೆಯುವ ವೃದ್ಧರಲ್ಲಿ ತಡೆ ಮತ್ತು ಉಪಚಾರ

ನಾಲ್ಕರಿಂದ ಆರು ವಾರ ಕಳೆದರೂ ಮುಚ್ಚಿಕೊಳ್ಳುವ ಲಕ್ಷಣ ತೋರದ ಗಾಯವನ್ನು ವೈದ್ಯಶಾಸ್ತ್ರ ದೀರ್ಘಕಾಲದ ಹುಣ್ಣು ಎಂದು ಎಣಿಸುತ್ತದೆ. ಕೆಲವು ಗ್ರಂಥಗಳು ಈ ಗಡುವನ್ನು ಮೂರು ತಿಂಗಳವರೆಗೆ ಒಯ್ಯುತ್ತವೆ. ವೃದ್ಧರಲ್ಲಿ ಇಂಥ ಹುಣ್ಣು ಹೆಚ್ಚಾಗಿ ನಾಲ್ಕು ಮೂಲಗಳಿಂದ ಹುಟ್ಟುತ್ತದೆ: ಮಲಗಿದಲ್ಲೇ ಮೈಮೇಲೆ ಬೀಳುವ ಒತ್ತಡ, ಸಕ್ಕರೆ ಕಾಯಿಲೆಯಿಂದ ಸ್ಪರ್ಶ ಕಳೆದುಕೊಂಡ ಪಾದ, ರಕ್ತವನ್ನು ಮೇಲಕ್ಕೆ ಕಳಿಸಲಾರದ ಕಾಲಿನ ಅಭಿಧಮನಿ, ಪಾದಕ್ಕೆ ರಕ್ತ ತಲುಪಿಸದ ಅಪಧಮನಿ. ಒಬ್ಬರಲ್ಲೇ ಎರಡು ಮೂರು ಕಾರಣಗಳು ಸೇರಿಕೊಂಡಿರುವುದೂ ಉಂಟು.

ಮನೆಗಳಲ್ಲಿ ಮೊದಲು ಕೇಳಿಬರುವ ಪ್ರಶ್ನೆ ‘ಇದಕ್ಕೆ ಏನು ಹಚ್ಚಬೇಕು?’ ಎಂಬುದು. ಉಪಚಾರದ ಕ್ರಮದಲ್ಲಿ ಈ ಪ್ರಶ್ನೆಯ ಸರದಿ ಬರುವುದು ಕೊನೆಗೆ. ಒತ್ತಡ ಹಾಗೇ ಇದ್ದರೆ, ಕಾಲಿನ ಊತ ಇಳಿಯದಿದ್ದರೆ, ಸಕ್ಕರೆ ಹತೋಟಿಗೆ ಬರದಿದ್ದರೆ, ಹೊಟ್ಟೆಗೆ ಸಾಕಷ್ಟು ಹೋಗದಿದ್ದರೆ ಎಷ್ಟೇ ಬೆಲೆಯ ಮುಲಾಮು ತಂದರೂ ಹುಣ್ಣು ಇದ್ದಲ್ಲೇ ಇರುತ್ತದೆ. ಕಾರಣವನ್ನು ತೆಗೆಯುವ ಕೆಲಸ ನಡೆಯುವುದು ಆಸ್ಪತ್ರೆಯಲ್ಲಲ್ಲ, ಹಗಲೂ ರಾತ್ರಿ ಮನೆಯ ಮಂಚದ ಬಳಿ.

2011ರ ಜನಗಣತಿಯ ಪ್ರಕಾರ ಭಾರತದಲ್ಲಿ 60 ದಾಟಿದವರು ಸುಮಾರು 10.4 ಕೋಟಿ. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಬೆಂಬಲದಿಂದ ನಡೆದು 2023ರಲ್ಲಿ ಪ್ರಕಟವಾದ ಅಧ್ಯಯನ ದೇಶದ ಮಧುಮೇಹಿಗಳನ್ನು ಸುಮಾರು 10.1 ಕೋಟಿ ಎಂದು ಅಂದಾಜಿಸಿತು. 2004ರಲ್ಲಿ ಪ್ರಕಟವಾದ ಒಂದು ಭಾರತೀಯ ಸಮೀಕ್ಷೆ, ಎಲ್ಲ ವಯಸ್ಸಿನವರನ್ನೂ ಸೇರಿಸಿಕೊಂಡು, ಸಾವಿರ ಜನರಲ್ಲಿ 4.5 ಮಂದಿಗೆ ದೀರ್ಘಕಾಲದ ಗಾಯವಿದೆ ಎಂದು ಕಂಡುಕೊಂಡಿತ್ತು. ಇದು ಮುಖ್ಯವಾಗಿ ಆಸ್ಪತ್ರೆಯ ಹೊರಗಿನ ಸಮಸ್ಯೆ ಎಂಬುದಕ್ಕೆ ಬ್ರಿಟನ್ನಿನ ಲೆಕ್ಕ ಒಳ್ಳೆಯ ಸಾಕ್ಷಿ. ಅಲ್ಲಿನ ರಾಷ್ಟ್ರೀಯ ಆರೋಗ್ಯ ಸೇವೆ 2017–18ರಲ್ಲಿ ಗಾಯಗಳ ಮೇಲೆ ಮಾಡಿದ ವೆಚ್ಚವನ್ನು ಸಂಶೋಧಕರು 830 ಕೋಟಿ ಪೌಂಡ್ ಎಂದು ಅಂದಾಜಿಸಿದರು, ಅದರಲ್ಲಿ ಶೇ. 81ರಷ್ಟು ಖರ್ಚಾದದ್ದು ಮನೆ ಮತ್ತು ಸ್ಥಳೀಯ ಕ್ಲಿನಿಕ್‌ಗಳ ಮಟ್ಟದಲ್ಲಿ.

ಮುಪ್ಪಿನ ಚರ್ಮ

ಹರೆಯದಲ್ಲಿ ಹೊರಚರ್ಮವೂ ಒಳಚರ್ಮವೂ ಅಲೆಯಲೆಯಾಗಿ ಒಂದರೊಳಗೊಂದು ಹೆಣೆದುಕೊಂಡಿರುತ್ತವೆ. ವಯಸ್ಸಾದಂತೆ ಆ ಅಲೆಗಳು ಚಪ್ಪಟೆಯಾಗಿ, ಎರಡು ಪದರಗಳ ಹಿಡಿತ ಸಡಿಲವಾಗುತ್ತದೆ. ಅಡಿಯಲ್ಲಿದ್ದ ಕೊಬ್ಬು ಕರಗುತ್ತದೆ, ಕೊಲಾಜನ್ ಎಳೆಗಳು ತೆಳುವಾಗುತ್ತವೆ, ಎಣ್ಣೆಯ ಗ್ರಂಥಿಗಳು ಸೋಲುತ್ತವೆ, ರಕ್ತದ ಹರಿವು ಕುಗ್ಗುತ್ತದೆ, ನೋವಿನ ಅರಿವೂ ಮಂದವಾಗುತ್ತದೆ.

ಗಾಯ ಮಾಯುವಾಗ ಮೊದಲು ರಕ್ತ ಹೆಪ್ಪುಗಟ್ಟುತ್ತದೆ, ಆಮೇಲೆ ಉರಿಯೂತ, ಅನಂತರ ಹೊಸ ಅಂಗಾಂಶದ ಬೆಳವಣಿಗೆ, ಕೊನೆಗೆ ತಿಂಗಳುಗಟ್ಟಲೆ ನಡೆಯುವ ಬಲವರ್ಧನೆ. ಮಾಯದ ಹುಣ್ಣು ಎರಡನೆಯ ಹಂತದಲ್ಲಿ ಸಿಕ್ಕಿಬಿದ್ದಿರುತ್ತದೆ. ಕಸ ತೆಗೆಯಲು ಬಂದ ಬಿಳಿ ರಕ್ತಕಣಗಳು ಅಲ್ಲೇ ಬೀಡುಬಿಟ್ಟು, ಅವು ಸುರಿಸುವ ಕಿಣ್ವಗಳು ಹೊಸದಾಗಿ ಹುಟ್ಟಿದ ಅಂಗಾಂಶವನ್ನೂ ಕರಗಿಸುತ್ತಿರುತ್ತವೆ. ರಕ್ತಹೀನತೆ, ಬೀಡಿ–ಸಿಗರೇಟು, ಮೂತ್ರಪಿಂಡದ ವೈಫಲ್ಯ, ಉಬ್ಬಸಕ್ಕೋ ಕೀಲುನೋವಿಗೋ ವರ್ಷಗಟ್ಟಲೆ ನುಂಗಿದ ಸ್ಟೀರಾಯ್ಡ್ ಮಾತ್ರೆ ಇವೆಲ್ಲ ಆ ಬೀಡನ್ನು ಇನ್ನಷ್ಟು ಬಲಪಡಿಸುತ್ತವೆ.

ಹಾಸಿಗೆ ಹುಣ್ಣು

ಪಾರ್ಶ್ವವಾಯು, ಸೊಂಟದ ಮೂಳೆ ಮುರಿತ, ಮರೆವಿನ ಕಾಯಿಲೆ, ಪಾರ್ಕಿನ್ಸನ್ ಕಾಯಿಲೆ, ಮುಂದುವರಿದ ಕ್ಯಾನ್ಸರ್: ಇವುಗಳಲ್ಲಿ ಯಾವುದರಿಂದಲೇ ಹಾಸಿಗೆ ಹಿಡಿದಿರಲಿ, ಮೂಳೆ ಮತ್ತು ಹಾಸಿಗೆಯ ನಡುವೆ ಸಿಕ್ಕಿಕೊಂಡ ಮಾಂಸ ನಲುಗುತ್ತದೆ. ಯೂಜೀನ್ ಲ್ಯಾಂಡಿಸ್ 1930ರಲ್ಲಿ ಬೆರಳಿನ ಲೋಮನಾಳದೊಳಗಿನ ಒತ್ತಡವನ್ನು ಅಳೆದಾಗ ಸುಮಾರು 32 ಮಿ.ಮೀ. ಪಾದರಸ ಎಂದು ತಿಳಿದುಬಂತು. ಹೊರಗಿನ ಒತ್ತಡ ಅದನ್ನು ಮೀರಿದರೆ ರಕ್ತ ನಿಲ್ಲುತ್ತದೆ ಎಂಬ ಸರಳ ಲೆಕ್ಕ ಬಹುಕಾಲ ಚಾಲ್ತಿಯಲ್ಲಿತ್ತು. ಮೈಕೆಲ್ ಕೋಸಿಯಾಕ್ 1959ರಲ್ಲಿ ನಾಯಿಗಳ ಮೇಲೆ ಮಾಡಿದ ಪ್ರಯೋಗಗಳು ಕಾಲದ ಪಾತ್ರವನ್ನು ಬಿಡಿಸಿ ತೋರಿದವು: ಹೆಚ್ಚಿನ ಒತ್ತಡ ಸ್ವಲ್ಪ ಹೊತ್ತು ಮಾಡುವ ಹಾನಿಯನ್ನೇ ಕಡಿಮೆ ಒತ್ತಡ ಬಹಳ ಹೊತ್ತು ಬಿದ್ದರೂ ಮಾಡುತ್ತದೆ. ಇದರ ಜೊತೆಗೆ ಎಳೆತವೂ ಇದೆ. ದಿಂಬಿಗೆ ಒರಗಿಸಿ ಕೂರಿಸಿದ ಅಜ್ಜಿ ಮೆಲ್ಲಗೆ ಕೆಳಗೆ ಜಾರುವಾಗ ಚರ್ಮ ಹಾಸಿಗೆಗೆ ಅಂಟಿಕೊಂಡಿರುತ್ತದೆ, ಮೂಳೆ ಮಾತ್ರ ಸರಿಯುತ್ತದೆ. ನಡುವಿನ ರಕ್ತನಾಳಗಳು ಹಿಗ್ಗಿ ತಿರುಚಿಕೊಳ್ಳುತ್ತವೆ.

ಚರ್ಮಕ್ಕಿಂತ ಸ್ನಾಯು ಬೇಗ ಸಾಯುತ್ತದೆ. ಆದ್ದರಿಂದ ಆಳವಾದ ಹುಣ್ಣು ಎಷ್ಟೋ ಸಲ ಮೂಳೆಯ ಪಕ್ಕದಲ್ಲಿ ಆರಂಭವಾಗಿ ಹೊರಗೆ ಬರುತ್ತದೆ. ‘ನಿನ್ನೆ ಚೆನ್ನಾಗಿಯೇ ಇತ್ತು, ಬೆಳಗಾಗುವಷ್ಟರಲ್ಲಿ ತೂತು ಬಿದ್ದಿದೆ’ ಎಂದು ಮನೆಯವರು ಹೇಳುವುದು ಸುಳ್ಳಲ್ಲ. ಬೆನ್ನುಮೂಳೆಯ ಕೆಳತುದಿಯ ತ್ರಿಕಾಸ್ಥಿ, ಹಿಮ್ಮಡಿ, ಸೊಂಟದ ಪಕ್ಕ, ಕೂರುವ ಮೂಳೆ, ಕಣಕಾಲಿನ ಗಂಟು, ಮೊಣಕೈ, ತಲೆಯ ಹಿಂಭಾಗ ಇದರ ಸಾಮಾನ್ಯ ಜಾಗಗಳು. ಆಮ್ಲಜನಕದ ಕೊಳವೆ ಕಿವಿಯ ಹಿಂದೆ, ಮೂತ್ರದ ಕೊಳವೆ ತೊಡೆಯ ಕೆಳಗೆ, ಕನ್ನಡಕ ಮೂಗಿನ ಮೇಲೆ ಮಾಡುವ ಹುಣ್ಣೂ ಇದೇ ಜಾತಿಯದು.

ಮಲಗಿದವರಿಗೆ ಹುಣ್ಣು ಆಗಿಯೇ ಆಗುತ್ತದೆ ಎಂಬ ನಂಬಿಕೆಗೆ ಒಂದು ಕಾಲದಲ್ಲಿ ದೊಡ್ಡ ವಿದ್ವಾಂಸರ ಬೆಂಬಲವೂ ಇತ್ತು. ಹತ್ತೊಂಬತ್ತನೆಯ ಶತಮಾನದ ಫ್ರೆಂಚ್ ನರವೈದ್ಯ ಶಾರ್ಕೊ, ನರಮಂಡಲದ ಹಾನಿಯೇ ನೇರವಾಗಿ ಚರ್ಮವನ್ನು ಕೊಳೆಸುತ್ತದೆ, ಅದನ್ನು ತಪ್ಪಿಸಲಾಗದು ಎಂದು ವಾದಿಸಿದ. ಅವನ ಸಮಕಾಲೀನ ಬ್ರೌನ್-ಸೆಕಾರ್ಡ್, ಬೆನ್ನಹುರಿಗೆ ಪೆಟ್ಟಾದ ಪ್ರಾಣಿಗಳನ್ನು ಒತ್ತಡದಿಂದಲೂ ಮೂತ್ರದ ತೇವದಿಂದಲೂ ದೂರವಿಟ್ಟರೆ ಹುಣ್ಣಾಗುವುದಿಲ್ಲ ಎಂದು ಪ್ರಯೋಗ ಮಾಡಿ ತೋರಿಸಿದ. ಪ್ರಯೋಗ ಗೆದ್ದಿತು, ಆದರೆ ನಂಬಿಕೆ ಇನ್ನೂ ಸೋತಿಲ್ಲ. ಇಪ್ಪತ್ತನೆಯ ಶತಮಾನದಲ್ಲಿ ಈ ವಿಷಯವನ್ನು ಶಾಸ್ತ್ರದ ಹಳಿಗೆ ತಂದವರು ದಾದಿಯರು. ಡೋರೀನ್ ನಾರ್ಟನ್ ಬ್ರಿಟನ್ನಿನ ವೃದ್ಧ ರೋಗಿಗಳ ನಡುವೆ ನಡೆಸಿ 1962ರಲ್ಲಿ ಪ್ರಕಟಿಸಿದ ಅಧ್ಯಯನ, ಬೆನ್ನಿಗೆ ಬಳಿಯುತ್ತಿದ್ದ ಸ್ಪಿರಿಟ್ಟು–ಲೇಪಗಳಿಗಿಂತ ಮಗ್ಗುಲು ಬದಲಿಸುವುದು ಮುಖ್ಯ ಎಂದು ತೋರಿಸಿತು. ಅಪಾಯವನ್ನು ಅಂಕಗಳಲ್ಲಿ ಅಳೆಯುವ ಮೊದಲ ಕೋಷ್ಟಕವೂ ಅದರಲ್ಲೇ ಬಂತು. ಅಮೆರಿಕದ ಬಾರ್ಬರಾ ಬ್ರೇಡನ್ ಮತ್ತು ನ್ಯಾನ್ಸಿ ಬರ್ಗ್‌ಸ್ಟ್ರಾಮ್ 1980ರ ದಶಕದಲ್ಲಿ ರೂಪಿಸಿದ ಮಾಪಕ ಇಂದು ಹೆಚ್ಚು ಬಳಕೆಯಲ್ಲಿದೆ. ಸ್ಪರ್ಶದ ಅರಿವು, ತೇವ, ಓಡಾಟ, ಹಾಸಿಗೆಯಲ್ಲಿ ಹೊರಳುವ ಶಕ್ತಿ, ಆಹಾರ, ಎಳೆತ ಎಂಬ ಆರು ಅಂಶಗಳಿಗೆ ಒಟ್ಟು 6ರಿಂದ 23ರವರೆಗೆ ಅಂಕ ಬರುತ್ತದೆ. 18 ಅಥವಾ ಅದಕ್ಕಿಂತ ಕಡಿಮೆ ಬಂದರೆ ಎಚ್ಚರಿಕೆ ಬೇಕು.

ಹುಣ್ಣಿಗೆ ನಾಲ್ಕು ಹಂತಗಳನ್ನು ಗುರುತಿಸುತ್ತಾರೆ. ಒತ್ತಿದರೂ ಬಿಳಿಯಾಗದ ಕೆಂಪು ಮೊದಲನೆಯದು, ಮೇಲ್ಪದರ ಕಿತ್ತು ಬರುವುದೋ ಬೊಕ್ಕೆ ಏಳುವುದೋ ಎರಡನೆಯದು, ಕೊಬ್ಬು ಕಾಣುವ ಗುಳಿ ಮೂರನೆಯದು, ಸ್ನಾಯು ಅಥವಾ ಮೂಳೆ ಕಾಣುವುದು ನಾಲ್ಕನೆಯದು. ಈ ಪಟ್ಟಿಯ ಮೊದಲ ಸಾಲು ಬಿಳಿ ಮೈಬಣ್ಣದವರನ್ನು ನೋಡಿ ಬರೆದದ್ದು. ನಮ್ಮಂಥ ಕಂದು, ಕಪ್ಪು ಚರ್ಮದಲ್ಲಿ ಕೆಂಪು ಎಷ್ಟೋ ಸಲ ಕಾಣುವುದೇ ಇಲ್ಲ. ಆ ಜಾಗ ಸುತ್ತಲಿಗಿಂತ ಗಾಢವಾಗಿಯೋ ನೇರಳೆ ಛಾಯೆಯಲ್ಲೋ ಕಾಣಬಹುದು, ಅಷ್ಟೆ. ಆದ್ದರಿಂದ ಕೈಯಿಂದ ಮುಟ್ಟಿ ನೋಡಬೇಕು. ಸುತ್ತಲಿನ ಚರ್ಮಕ್ಕಿಂತ ಬಿಸಿಯಾಗಿದೆಯೇ, ತಣ್ಣಗಿದೆಯೇ, ಗಟ್ಟಿಯಾಗಿದೆಯೇ, ಮೆತ್ತಗೆ ಜೌಗಿನಂತಿದೆಯೇ, ಮುಟ್ಟಿದರೆ ಮುಖ ಕಿವುಚುತ್ತಾರೆಯೇ ಎಂಬುದನ್ನು ಸ್ನಾನ ಮಾಡಿಸುವಾಗ, ಬಟ್ಟೆ ಬದಲಿಸುವಾಗ ದಿನವೂ ಗಮನಿಸಿದರೆ ಹುಣ್ಣು ಬಾಯಿ ಬಿಡುವ ಮೊದಲೇ ಸಿಕ್ಕಿಬೀಳುತ್ತದೆ. ಅಂಥ ಜಾಗವನ್ನು ತಿಕ್ಕಿ ನೀವಬಾರದು. ನಲುಗಿದ ರಕ್ತನಾಳಗಳು ನೀವುವುದರಿಂದ ಇನ್ನಷ್ಟು ಹರಿಯುತ್ತವೆ.

ಎರಡು ಗಂಟೆಗೊಮ್ಮೆ ಮಗ್ಗುಲು ಬದಲಿಸಬೇಕು ಎಂಬುದು ಆಸ್ಪತ್ರೆಯಿಂದ ಮನೆಗೆ ಕಳಿಸುವಾಗ ಎಲ್ಲರೂ ಹೇಳುವ ಮಾತು. ಮೂರು ಪಾಳಿಯ ದಾದಿಯರಿರುವ ವಾರ್ಡಿನಲ್ಲಿ ಅದು ಸಾಧ್ಯ. ಹಗಲೆಲ್ಲ ಅಡುಗೆ–ಮನೆಗೆಲಸ ಮಾಡಿದ ಸೊಸೆಯೋ ಎಪ್ಪತ್ತು ದಾಟಿದ ಹೆಂಡತಿಯೋ ಒಬ್ಬರೇ ರಾತ್ರಿ ಐದಾರು ಸಲ ಏಳುವುದು ಎಷ್ಟು ದಿನ ನಡೆದೀತು? ಅಮೆರಿಕ ಮತ್ತು ಕೆನಡಾದ ವೃದ್ಧಾಶ್ರಮಗಳಲ್ಲಿ ನಡೆದು 2013ರಲ್ಲಿ ಪ್ರಕಟವಾದ ಒಂದು ಪ್ರಯೋಗ ಇಲ್ಲಿ ನೆರವಿಗೆ ಬರುತ್ತದೆ. ಹೆಚ್ಚು ಸಾಂದ್ರತೆಯ ಫೋಮ್ ಹಾಸಿಗೆಯ ಮೇಲೆ ಮಲಗಿದ್ದವರನ್ನು ಎರಡು, ಮೂರು, ನಾಲ್ಕು ಗಂಟೆಗೊಮ್ಮೆ ಹೊರಳಿಸಿದ ಗುಂಪುಗಳ ನಡುವೆ ಹುಣ್ಣಿನ ಪ್ರಮಾಣದಲ್ಲಿ ಗಮನಾರ್ಹ ವ್ಯತ್ಯಾಸ ಕಾಣಲಿಲ್ಲ. ಅಂದರೆ ಹಾಸಿಗೆ ಒಳ್ಳೆಯದಿದ್ದು, ಚರ್ಮದ ಮೇಲೆ ನಿಗಾ ಇದ್ದರೆ ರಾತ್ರಿಯ ಅಂತರವನ್ನು ಹಿಗ್ಗಿಸಲು ಅವಕಾಶವಿದೆ. ಹಳೆಯ ಗಂಟುಕಟ್ಟಿದ ಹತ್ತಿ ಹಾಸಿಗೆಗೂ ಗಟ್ಟಿ ತೆಂಗಿನನಾರಿನ ಹಾಸಿಗೆಗೂ ಈ ರಿಯಾಯಿತಿ ಅನ್ವಯಿಸದು.

ಪೂರ್ತಿ ಪಕ್ಕಕ್ಕೆ ತಿರುಗಿಸಿದರೆ ಸೊಂಟದ ಮೂಳೆಯೇ ಒತ್ತುತ್ತದೆ. ಬೆನ್ನಿಗೆ ದಿಂಬು ಕೊಟ್ಟು ಸುಮಾರು 30 ಡಿಗ್ರಿ ವಾಲಿಸಿದರೆ ಸಾಕು. ತಲೆಯ ಕಡೆಯನ್ನೂ ಉಣ್ಣುವ ಹೊತ್ತು ಬಿಟ್ಟು 30 ಡಿಗ್ರಿಗಿಂತ ಎತ್ತರಿಸದಿದ್ದರೆ ಜಾರುವುದು ತಪ್ಪುತ್ತದೆ. ಮೀನಖಂಡದ ಉದ್ದಕ್ಕೂ ದಿಂಬಿಟ್ಟು ಹಿಮ್ಮಡಿಯನ್ನು ಗಾಳಿಯಲ್ಲಿ ತೇಲಿಸಬೇಕು. ಹೊರಳಿಸುವಾಗ ಎಳೆಯದೆ, ಅಡ್ಡಲಾಗಿ ಹಾಸಿದ ಗಟ್ಟಿ ಬೆಡ್‌ಶೀಟನ್ನು ಇಬ್ಬರು ಎರಡು ಬದಿ ಹಿಡಿದು ಎತ್ತಿ ಸರಿಸಬೇಕು. ವಿದ್ಯುತ್ ಪಂಪಿನಿಂದ ಗಾಳಿ ತುಂಬಿ ಇಳಿಯುವ ಏರ್ ಬೆಡ್ ಉಪಯುಕ್ತ, ಆದರೆ ಅದು ಮಗ್ಗುಲು ಬದಲಿಸುವ ಕೆಲಸಕ್ಕೆ ಬದಲಿಯಲ್ಲ. ಕರೆಂಟು ಹೋದಾಗ ಅದು ಬರೀ ರಬ್ಬರ್ ಹಾಳೆ. ನಡುವೆ ತೂತಿರುವ ಟ್ಯೂಬಿನಂಥ ದಿಂಬು, ಹಿಮ್ಮಡಿಯಡಿ ನೀರು ತುಂಬಿದ ಕೈಗವಸು ಇವೆರಡನ್ನೂ ಅಂತರರಾಷ್ಟ್ರೀಯ ಮಾರ್ಗಸೂಚಿಗಳು ಬೇಡವೆನ್ನುತ್ತವೆ, ಅಂಚಿನಲ್ಲಿ ಒತ್ತಿ ನಡುವಿನ ರಕ್ತ ಸಂಚಾರವನ್ನು ಕೆಡಿಸುವುದು ಅದಕ್ಕೆ ಕಾರಣ. ಔಷಧಿ ಅಂಗಡಿಗಳು ಅಂಥ ದಿಂಬನ್ನು ಇನ್ನೂ ಧಾರಾಳವಾಗಿ ಮಾರುತ್ತಿವೆ. ಕುರ್ಚಿಯಲ್ಲಿ ಕೂರಿಸಿದರೆ ಅಪಾಯ ಮುಗಿಯಿತು ಎಂದುಕೊಳ್ಳುವುದೂ ತಪ್ಪು: ಕೂತಾಗ ಇಡೀ ಮೈಭಾರ ಎರಡು ಸಣ್ಣ ಮೂಳೆಗಳ ಮೇಲೆ ಇಳಿಯುತ್ತದೆ.

ಪಾದ ಮತ್ತು ಕಾಲು

ಮಧುಮೇಹದ ಪಾದದ ಹುಣ್ಣನ್ನು ಅರ್ಥಮಾಡಿಕೊಳ್ಳಲು ದಕ್ಷಿಣ ಭಾರತ ಜಗತ್ತಿಗೆ ನೆರವಾಗಿದೆ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ 1940ರ ದಶಕದ ಕೊನೆಯಿಂದ ಕುಷ್ಠರೋಗಿಗಳ ನಡುವೆ ಕೆಲಸ ಮಾಡಿದ ಶಸ್ತ್ರವೈದ್ಯ ಪಾಲ್ ಬ್ರ್ಯಾಂಡ್, ಪಾದದ ಮಾಂಸ ಕೊಳೆಯುವುದು ರೋಗಾಣುವಿನ ಶಕ್ತಿಯಿಂದಲ್ಲ, ನೋವು ಗೊತ್ತಾಗದೆ ಅದೇ ಜಾಗದ ಮೇಲೆ ನಡೆಯುತ್ತಲೇ ಇರುವುದರಿಂದ ಎಂದು ಮನಗಾಣಿಸಿದರು. ಪ್ಲಾಸ್ಟರ್ ಕಟ್ಟಿ ಭಾರವನ್ನು ಇಡೀ ಅಂಗಾಲಿಗೆ ಹಂಚಿದಾಗ ವರ್ಷಗಳಿಂದ ಮಾಯದ ಹುಣ್ಣೂ ಮುಚ್ಚಿತು. ಅವರು ಮುಂದೆ ಅಮೆರಿಕದ ಕಾರ್ವಿಲ್ ಕುಷ್ಠರೋಗ ಆಸ್ಪತ್ರೆಗೆ ಹೋದಾಗ ಈ ವಿಧಾನ ಮಧುಮೇಹಿಗಳಿಗೂ ಹಬ್ಬಿತು. ಸಣ್ಣ ರಂಧ್ರಗಳ ಮೆತ್ತನೆಯ ರಬ್ಬರಿನ ಎಂಸಿಆರ್ ಚಪ್ಪಲಿ ಭಾರತದ ಕುಷ್ಠರೋಗ ಆಸ್ಪತ್ರೆಗಳಿಂದಲೇ ಮಧುಮೇಹದ ಕ್ಲಿನಿಕ್‌ಗಳಿಗೆ ಬಂದದ್ದು. ಕುಷ್ಠ ವಾಸಿಯಾದರೂ ಜೋಮು ಉಳಿದ ಪಾದಗಳೊಂದಿಗೆ ಮುಪ್ಪಿಗೆ ಬಂದವರು ಈಗಲೂ ಹಳ್ಳಿಗಳಲ್ಲಿದ್ದಾರೆ. ಅವರಿಗೂ ಇದೇ ಆರೈಕೆ ಬೇಕು.

ಪಾದದಲ್ಲಿ ಸ್ಪರ್ಶವಿದೆಯೇ ಎಂದು ಕ್ಲಿನಿಕ್‌ನಲ್ಲಿ 10 ಗ್ರಾಂ ಒತ್ತಡಕ್ಕೆ ಬಾಗುವ ನೈಲಾನ್ ಎಳೆಯಿಂದ ನೋಡುತ್ತಾರೆ. ಮನೆಯಲ್ಲಿ ಅದಕ್ಕೆ ಸಾಧನ ಬೇಡ. ಇಂಗ್ಲೆಂಡಿನ ಇಪ್ಸ್‌ವಿಚ್‌ನಲ್ಲಿ ರೂಪುಗೊಂಡ ಸ್ಪರ್ಶ ಪರೀಕ್ಷೆಯಲ್ಲಿ ಕಣ್ಣು ಮುಚ್ಚಿಸಿ, ಎರಡೂ ಕಾಲಿನ ಹೆಬ್ಬೆರಳು, ನಡುಬೆರಳು, ಕಿರುಬೆರಳ ತುದಿಗಳನ್ನು ಒಂದೆರಡು ಸೆಕೆಂಡು ಹಗುರವಾಗಿ ಮುಟ್ಟುತ್ತಾರೆ. ಆರರಲ್ಲಿ ಎರಡು ಅಥವಾ ಹೆಚ್ಚು ತಿಳಿಯದಿದ್ದರೆ ಪಾದ ಅಪಾಯದಲ್ಲಿದೆ. ಅಂಥವರಿಗೆ ಬಿಸಿನೀರಿನ ಶಾಖ, ಮಧ್ಯಾಹ್ನದ ಕಲ್ಲುಹಾಸಿನ ಮೇಲೆ ಬರಿಗಾಲ ಪ್ರದಕ್ಷಿಣೆ, ಬಿಗಿಯಾದ ಕಾಲುಂಗುರ, ಬ್ಲೇಡಿನಿಂದ ಆಣಿ ಕೆತ್ತಿಕೊಳ್ಳುವುದು, ಇವೆಲ್ಲ ಹುಣ್ಣಿಗೆ ಬಾಗಿಲು. ನೆಲದ ಮೇಲೆ ಮಲಗಿದ ವೃದ್ಧರ ಜೋಮು ಹಿಡಿದ ಬೆರಳನ್ನು ಇಲಿ ಕಚ್ಚಿ ಹೋದದ್ದು ಬೆಳಗಾದ ಮೇಲೆ ಗೊತ್ತಾದ ಪ್ರಸಂಗಗಳು ಭಾರತದ ವೈದ್ಯಕೀಯ ವರದಿಗಳಲ್ಲಿ ಇವೆ. ಮನೆಯೊಳಗೂ ಚಪ್ಪಲಿ ಹಾಕಿಕೊಳ್ಳಿ ಎಂಬ ಸಲಹೆಗೆ ನಮ್ಮ ಮನೆಗಳಲ್ಲಿ ವಿರೋಧವಿದೆ. ಒಳಗೆ ಮಾತ್ರ ಬಳಸುವ ಬೇರೆ ಜೊತೆಯೊಂದನ್ನು ಇಟ್ಟುಕೊಂಡರೆ ಹಿರಿಯರು ಒಪ್ಪುತ್ತಾರೆ.

ಕಣಕಾಲಿನ ಒಳಬದಿಯಲ್ಲಿ, ಕಂದುಗಟ್ಟಿ ತುರಿಸುವ ಚರ್ಮದ ನಡುವೆ, ನೀರು ಸೋರುತ್ತ ಹರಡುವ ಹುಣ್ಣು ಸಾಮಾನ್ಯವಾಗಿ ಅಭಿಧಮನಿಯದು. ಜೀವನವಿಡೀ ನಿಂತು ದುಡಿದವರಲ್ಲಿ, ಉಬ್ಬಿದ ನರಗಳಿರುವವರಲ್ಲಿ ಇದು ಹೆಚ್ಚು. ಇದರ ಮದ್ದು ಒತ್ತುಪಟ್ಟಿ: ಕಾಲ್ಬೆರಳ ಬುಡದಿಂದ ಮೊಣಕಾಲಿನ ಕೆಳಗಿನವರೆಗೆ, ಕಣಕಾಲಿನಲ್ಲಿ ಸುಮಾರು 40 ಮಿ.ಮೀ. ಪಾದರಸದ ಒತ್ತಡ ಬರುವಂತೆ, ಮೇಲೆ ಹೋದಂತೆ ಸಡಿಲವಾಗಿ ಕಟ್ಟುವುದು. ಜರ್ಮನ್ ಚರ್ಮವೈದ್ಯ ಪಾಲ್ ಗೆರ್ಸೊನ್ ಉನ್ನಾ ಹತ್ತೊಂಬತ್ತನೆಯ ಶತಮಾನದ ಕೊನೆಯಲ್ಲಿ ಸತುವಿನ ಲೇಪದ ಪಟ್ಟಿ ಸುತ್ತಿದಂದಿನಿಂದ ತತ್ವ ಬದಲಾಗಿಲ್ಲ. 2018ರಲ್ಲಿ ಬ್ರಿಟನ್ನಿನಿಂದ ಬಂದ ಒಂದು ಪ್ರಯೋಗದ ಫಲಿತಾಂಶ, ಕೆಟ್ಟ ಅಭಿಧಮನಿಯನ್ನು ಬೇಗನೆ ಮುಚ್ಚಿಸಿದರೆ ಹುಣ್ಣೂ ಬೇಗ ಮಾಯುತ್ತದೆ ಎಂದು ತೋರಿಸಿದೆ. ಹಾಗಾಗಿ ವಯಸ್ಸಾಯಿತೆಂದು ಶಸ್ತ್ರವೈದ್ಯರಿಗೆ ತೋರಿಸದೆ ಬಿಡುವುದು ಸರಿಯಲ್ಲ.

ಆದರೆ ಪಟ್ಟಿ ಕಟ್ಟುವ ಮೊದಲು ಕಾಲಿಗೆ ರಕ್ತ ಇಳಿಯುತ್ತಿದೆಯೇ ಎಂದು ಖಚಿತವಾಗಬೇಕು. ಕಣಕಾಲಿನ ರಕ್ತದೊತ್ತಡವನ್ನು ತೋಳಿನ ಒತ್ತಡದಿಂದ ಭಾಗಿಸಿದಾಗ 0.8ಕ್ಕಿಂತ ಕಡಿಮೆ ಬಂದರೆ ಬಿಗಿಪಟ್ಟಿ ಅಪಾಯಕಾರಿ. ಸಕ್ಕರೆ ಕಾಯಿಲೆಯವರಲ್ಲಿ ಅಪಧಮನಿ ಗಡುಸಾಗಿ ಈ ಸಂಖ್ಯೆ ಸುಳ್ಳಾಗಿ ಏರಿರಲೂಬಹುದು. ತಣ್ಣನೆಯ ಪಾದ, ಉದುರಿದ ಕೂದಲು, ರಾತ್ರಿ ಹೆಚ್ಚಾಗಿ ಕಾಲು ಇಳಿಬಿಟ್ಟರೆ ಕಡಿಮೆಯಾಗುವ ನೋವು, ಬೆರಳ ತುದಿಯಲ್ಲಿ ಕಪ್ಪು: ಇವು ಅಪಧಮನಿಯ ಕಾಯಿಲೆಯ ಗುರುತು. ಒಣಗಿ ಕಪ್ಪಾದ ಬೆರಳನ್ನು ನೆನೆಸದೆ, ಕೀಳದೆ, ಒಣಗಿಸಿಟ್ಟೇ ರಕ್ತನಾಳ ತಜ್ಞರ ಬಳಿಗೆ ಒಯ್ಯಬೇಕು.

ಕರಾವಳಿಯಲ್ಲೂ ಕಲಬುರಗಿ, ಬೀದರ್, ರಾಯಚೂರು, ಯಾದಗಿರಿ ಸೀಮೆಯಲ್ಲೂ ಆನೆಕಾಲು ರೋಗದ ಹಳೆಯ ರೋಗಿಗಳಿದ್ದಾರೆ. ಅವರ ಕಾಲಿನ ಮಡಿಕೆಗಳೊಳಗಿನ ಬಿರುಕೇ ಮತ್ತೆ ಮತ್ತೆ ಜ್ವರ, ಹುಣ್ಣು ತರುತ್ತದೆ. ದಿನವೂ ಸೋಪಿನಿಂದ ತೊಳೆದು ಮಡಿಕೆಗಳನ್ನು ಒರೆಸಿ ಒಣಗಿಸುವುದೇ ಅಲ್ಲಿ ಅರ್ಧ ಚಿಕಿತ್ಸೆ. ಕನ್ನಡಿಗರೂ ಹೆಚ್ಚಾಗಿರುವ ಕಾಸರಗೋಡಿನ ಇನ್‌ಸ್ಟಿಟ್ಯೂಟ್ ಆಫ್ ಅಪ್ಲೈಡ್ ಡರ್ಮಟಾಲಜಿ ಈ ತೊಳೆಯುವಿಕೆಗೆ ಪಟ್ಟಿ ಕಟ್ಟುವುದು, ಯೋಗ, ಆಯುರ್ವೇದದ ಲೇಪಗಳನ್ನು ಸೇರಿಸಿ ಮನೆಯವರಿಗೆ ಕಲಿಸುವ ಪದ್ಧತಿಗೆ ಹೆಸರಾಗಿದೆ.

ತೇವ ಮತ್ತು ಸುಲಿತ

ಮಲಮೂತ್ರದ ತೇವದಿಂದ ಬೆಂದ ಚರ್ಮ ನೋಡಲು ಹಾಸಿಗೆ ಹುಣ್ಣಿನಂತಿದ್ದರೂ ಕಾರಣ ಬೇರೆ. ಅದು ಮೂಳೆಯ ಮೇಲಷ್ಟೇ ಇರದೆ ತೊಡೆಸಂದಿಗೂ ಹರಡುತ್ತದೆ, ಅಂಚು ಸ್ಪಷ್ಟವಿರುವುದಿಲ್ಲ. ಡಯಾಪರ್ ಒದ್ದೆಯಾದ ಕೂಡಲೇ ಬದಲಿಸಿ, ಮೆದುವಾಗಿ ತೊಳೆದು, ಒತ್ತಿ ಒರೆಸಿ, ಸತುವಿನ ಆಕ್ಸೈಡ್ ಇರುವ ಕ್ರೀಮನ್ನು ತೆಳುವಾಗಿ ಹಚ್ಚಬೇಕು. ಟಾಲ್ಕಂ ಪೌಡರ್ ತೇವದಲ್ಲಿ ಉಂಡೆಗಟ್ಟಿ ಉಜ್ಜುತ್ತದೆ.

ಮುಂಗೈಯ ಕಾಗದದಂಥ ಚರ್ಮ ಮಂಚದ ಅಂಚಿಗೆ ತಾಗಿ, ಬಳೆಗೆ ಸಿಕ್ಕಿ, ಅಂಟುಪಟ್ಟಿ ಕೀಳುವಾಗ ಸುಲಿದು ಬರುತ್ತದೆ. ಸುಲಿದ ಪದರವನ್ನು ಕತ್ತರಿಸಬಾರದು. ಸಲೈನಿನಲ್ಲಿ ಅದ್ದಿದ ಹತ್ತಿಕಡ್ಡಿಯಿಂದ ಮೆಲ್ಲನೆ ಮತ್ತೆ ಜಾಗಕ್ಕೆ ಹಾಸಿ, ಅಂಟದ ಡ್ರೆಸ್ಸಿಂಗ್ ಇಟ್ಟು, ಮುಂದಿನ ಸಲ ಯಾವ ಕಡೆಯಿಂದ ತೆಗೆಯಬೇಕೆಂದು ಅದರ ಮೇಲೆ ಬಾಣದ ಗುರುತು ಹಾಕುವುದು ಅನುಭವಿ ದಾದಿಯರ ರೂಢಿ. ಆಸ್ಟ್ರೇಲಿಯದ ವೃದ್ಧಾಶ್ರಮಗಳಲ್ಲಿ ದಿನಕ್ಕೆ ಎರಡು ಸಲ ತೇವಾಂಶ ಉಳಿಸುವ ಲೇಪ ಹಚ್ಚಿದಾಗ ಇಂಥ ಸುಲಿತ ಸುಮಾರು ಅರ್ಧಕ್ಕೆ ಇಳಿಯಿತು ಎಂದು 2014ರ ಅಧ್ಯಯನವೊಂದು ಹೇಳುತ್ತದೆ. ನಮ್ಮಲ್ಲಿ ಕೊಬ್ಬರಿ ಎಣ್ಣೆ ಅಗ್ಗದ ಬದಲಿ. ಉಜ್ಜದೆ ಸವರಬೇಕು.

ತೊಳೆಯುವುದು, ಮುಚ್ಚುವುದು

ಸುಶ್ರುತ ಸಂಹಿತೆ ವ್ರಣಗಳನ್ನು ದೇಹದೊಳಗಿನ ದೋಷದಿಂದ ಹುಟ್ಟಿದವು, ಹೊರಗಿನ ಪೆಟ್ಟಿನಿಂದ ಆದವು ಎಂದು ಎರಡಾಗಿ ವಿಂಗಡಿಸಿ, ಅರವತ್ತು ಉಪಕ್ರಮಗಳನ್ನು ಹೇಳುತ್ತದೆ. ಆ ಪಟ್ಟಿಯಲ್ಲಿ ಲೇಪಗಳ ಜೊತೆಗೇ ಕೊಯ್ಯುವುದು, ಕೆರೆಯುವುದು, ಕಟ್ಟುವುದು, ಆಹಾರ ಎಲ್ಲವೂ ಇವೆ. ಮನೆಮದ್ದಿಗೆ ಉಳಿದುಬಂದದ್ದು ಲೇಪ ಮಾತ್ರ: ಅರಿಶಿನ, ಸುಣ್ಣ, ಕಾಫಿಪುಡಿ, ಬೂದಿ. ಪುಡಿಗಳು ಗಾಯದೊಳಗೆ ಹೊರವಸ್ತುವಾಗಿ ಕೂತು ರೋಗಾಣುಗಳಿಗೆ ಆಸರೆಯಾಗುತ್ತವೆ. ಹೈಡ್ರೋಜನ್ ಪೆರಾಕ್ಸೈಡ್ ನೊರೆಯೆದ್ದು ಶುಚಿಯಾದಂತೆ ತೋರಿದರೂ ಗಾಯ ಕಟ್ಟುವ ಎಳೆಯ ಜೀವಕೋಶಗಳನ್ನೂ ಕೊಲ್ಲುತ್ತದೆ, ಸ್ಪಿರಿಟ್ಟೂ ಹಾಗೆಯೇ. ದಿನನಿತ್ಯ ತೊಳೆಯಲು ಸಲೈನ್ ಸಾಕು. ಒಂದು ಲೀಟರ್ ನೀರನ್ನು ಕುದಿಸಿ ಸುಮಾರು 9 ಗ್ರಾಂ ಉಪ್ಪು ಹಾಕಿ ಆರಿಸಿದರೆ ಅದು ಮನೆಯಲ್ಲೇ ತಯಾರು, ಆದರೆ ಆ ದಿನವೇ ಬಳಸಿ ಚೆಲ್ಲಬೇಕು.

‘ಗಾಯಕ್ಕೆ ಗಾಳಿ ಆಡಲಿ, ಒಣಗಲಿ’ ಎಂಬ ಮಾತು ಹಿತವೆನಿಸಿದರೂ ತಪ್ಪು. ಜಾರ್ಜ್ ವಿಂಟರ್ 1962ರಲ್ಲಿ ಹಂದಿಮರಿಗಳ ಮೇಲೆ ಪ್ರಯೋಗ ಮಾಡಿ, ಪಾಲಿಥೀನ್ ಹಾಳೆಯಡಿ ತೇವವಾಗಿಟ್ಟ ಗಾಯದ ಮೇಲೆ ಹೊಸ ಚರ್ಮ ಸುಮಾರು ಎರಡು ಪಟ್ಟು ವೇಗದಲ್ಲಿ ಹರಡುವುದನ್ನು ತೋರಿಸಿದ. ಇಂದಿನ ಹೈಡ್ರೊಕೊಲಾಯ್ಡ್, ಫೋಮ್, ಆಲ್ಜಿನೇಟ್, ಜೆಲ್ ಡ್ರೆಸ್ಸಿಂಗ್‌ಗಳೆಲ್ಲ ಆ ಪ್ರಯೋಗದ ಸಂತತಿ. ಆಯ್ಕೆಯ ಸೂತ್ರ ಸರಳ: ಸೋರುವ ಗಾಯಕ್ಕೆ ಹೀರುವುದು, ಒಣಗಿದ್ದಕ್ಕೆ ತೇವ ಕೊಡುವುದು, ಗುಳಿಯಿದ್ದರೆ ಸಡಿಲವಾಗಿ ತುಂಬುವುದು. ಬೆಲೆಯ ಡ್ರೆಸ್ಸಿಂಗನ್ನು ನಾಲ್ಕೈದು ದಿನ ಬಿಡಬಹುದಾದ್ದರಿಂದ, ದಿನವೂ ಗಾಜ್ ಬಟ್ಟೆ ಬದಲಿಸಲು ಕೊಡುವ ಕೂಲಿಯನ್ನು ಸೇರಿಸಿ ನೋಡಿದರೆ ಅದು ಯಾವಾಗಲೂ ದುಬಾರಿಯಲ್ಲ. ಅಗ್ಗದ ದಾರಿ ಹುಡುಕುವುದರಲ್ಲಿ ಭಾರತೀಯ ವೈದ್ಯರೂ ಹಿಂದೆ ಬಿದ್ದಿಲ್ಲ. ಮುಂಬಯಿಯಲ್ಲಿ ಸುಟ್ಟಗಾಯಕ್ಕೆ ಬೇಯಿಸಿದ ಆಲೂಗಡ್ಡೆ ಸಿಪ್ಪೆಯ ಪಟ್ಟಿ, ಬಾಳೆಎಲೆ ಪಟ್ಟಿ ಎರಡನ್ನೂ ಪರೀಕ್ಷಿಸಿ ವರದಿ ಮಾಡಿದ್ದಾರೆ, ಸೊಲ್ಲಾಪುರದ ಎಂ. ಸುಬ್ರಹ್ಮಣ್ಯಂ 1990ರ ದಶಕದಲ್ಲಿ ಜೇನಿನ ಬಗ್ಗೆ ಬರೆದ ಲೇಖನಗಳು ಹೊರದೇಶಗಳಲ್ಲೂ ಚರ್ಚೆಯಾದವು. ಇವೆಲ್ಲ ಮೇಲ್ಪದರದ ಸುಟ್ಟಗಾಯಗಳ ಮಾತು. ತ್ರಿಕಾಸ್ಥಿಯ ಆಳವಾದ ಗುಳಿಗೆ ಅಂಗಡಿಯ ಜೇನು ಸುರಿಯಲು ಇದನ್ನು ಪರವಾನಗಿ ಎಂದುಕೊಳ್ಳಬಾರದು.

ಸತ್ತ ಅಂಗಾಂಶವನ್ನು ತೆಗೆಯುವುದು ತರಬೇತಾದವರ ಕೆಲಸ. ಹಿಮ್ಮಡಿಯ ಮೇಲೆ ಒಣಗಿ ಗಟ್ಟಿಯಾಗಿ ಅಂಟಿಕೊಂಡ ಕಪ್ಪು ಪೊರೆಯನ್ನು ಮಾತ್ರ, ಸುತ್ತ ಕೀವು–ಊತ ಇಲ್ಲದಿದ್ದರೆ, ಹಾಗೇ ಬಿಡುತ್ತಾರೆ. ಯಾವ ಹಳೆಯ ಹುಣ್ಣನ್ನು ಒರೆಸಿ ಪ್ರಯೋಗಾಲಯಕ್ಕೆ ಕಳಿಸಿದರೂ ಬ್ಯಾಕ್ಟೀರಿಯ ಸಿಗುತ್ತದೆ. ಅದಷ್ಟಕ್ಕೇ ಆ್ಯಂಟಿಬಯಾಟಿಕ್ ಕೊಡುತ್ತ ಹೋಗುವುದರಿಂದ ಮದ್ದಿಗೆ ಬಗ್ಗದ ತಳಿಗಳು ಬೆಳೆಯುತ್ತವೆ. ಸುತ್ತ ಹಬ್ಬುವ ಬಿಸಿ ಊತ, ಹೊಸ ನೋವು, ಹೆಚ್ಚಿದ ದುರ್ವಾಸನೆ, ಚಳಿಜ್ವರ ಕಂಡಾಗ ತಡಮಾಡಬಾರದು. ವೃದ್ಧರಿಗೆ ಜ್ವರವೇ ಬರದೆ, ಇದ್ದಕ್ಕಿದ್ದಂತೆ ಮಾತು ತಡವರಿಸುವುದು, ಮಂಪರು, ಊಟ ಬಿಡುವುದೇ ಸೋಂಕಿನ ಮೊದಲ ಸೂಚನೆಯಾಗಿರಬಹುದು. ನೋವಿನ ಮಾತ್ರೆಯನ್ನು ಡ್ರೆಸ್ಸಿಂಗಿಗೆ ಅರ್ಧ ಗಂಟೆ ಮೊದಲು ಕೊಡುವುದನ್ನು ಮರೆಯುವವರೇ ಹೆಚ್ಚು.

ಹುಣ್ಣು ಮಾಯುತ್ತಿದೆಯೇ ಎಂದು ಕಣ್ಣಂದಾಜಿನಲ್ಲಿ ಹೇಳಲಾಗದು. ವಾರಕ್ಕೊಮ್ಮೆ ಉದ್ದ, ಅಗಲ ಅಳೆದು ಬರೆದಿಡಬೇಕು. ಪಾದದ ಹುಣ್ಣು ಸರಿಯಾದ ಆರೈಕೆಯಲ್ಲಿದ್ದೂ ನಾಲ್ಕು ವಾರದಲ್ಲಿ ಸುಮಾರು ಅರ್ಧಕ್ಕೆ ಕುಗ್ಗದಿದ್ದರೆ ಕಾರಣವನ್ನು ಮತ್ತೆ ಹುಡುಕಬೇಕು. ವರ್ಷಗಳ ಹಳೆಯ ಹುಣ್ಣಿನ ಅಂಚು ಉಬ್ಬಿ ಹೂಕೋಸಿನಂತಾದರೆ ತುಣುಕು ತೆಗೆದು ಪರೀಕ್ಷಿಸಬೇಕು. ಅಲ್ಲಿ ಕ್ಯಾನ್ಸರ್ ಹುಟ್ಟಿರಬಹುದು.

ಊಟ

ಗಾಯವಿರುವ ವೃದ್ಧರಿಗೆ ದಿನಕ್ಕೆ ದೇಹತೂಕದ ಪ್ರತಿ ಕಿಲೋಗೆ 1.2ರಿಂದ 1.5 ಗ್ರಾಂ ಪ್ರೋಟೀನು, 30ರಿಂದ 35 ಕಿಲೋ ಕ್ಯಾಲರಿ ಬೇಕೆಂದು ಮಾರ್ಗಸೂಚಿಗಳು ಹೇಳುತ್ತವೆ. 50 ಕಿಲೋ ತೂಕದವರಿಗೆ ಅದು 60ರಿಂದ 75 ಗ್ರಾಂ ಪ್ರೋಟೀನು. ಒಂದು ಮೊಟ್ಟೆಯಲ್ಲಿ ಸಿಗುವುದು ಆರು ಗ್ರಾಂ, ಒಂದು ಲೋಟ ಹಾಲಿನಲ್ಲಿ ಆರೇಳು ಗ್ರಾಂ. ತಿಳಿಸಾರು ಅನ್ನ, ಗಂಜಿ, ರವೆ ಗಂಜಿಯಲ್ಲಿ ಈ ಲೆಕ್ಕ ತುಂಬುವುದೇ ಇಲ್ಲ. ಇದರ ಮೇಲೆ ‘ನಂಜು’ ಎಂಬ ಹೆದರಿಕೆ: ಗಾಯವಿದ್ದವರಿಗೆ ಮೊಟ್ಟೆ, ಮೀನು, ಮಾಂಸ, ಕಡಲೆಕಾಯಿ, ಬದನೆಕಾಯಿ ಬೇಡ ಎಂದು ಬಿಡಿಸುತ್ತಾರೆ. ಬದನೆಕಾಯಿ ಬಿಟ್ಟರೆ ನಷ್ಟವಿಲ್ಲ, ಉಳಿದ ನಾಲ್ಕನ್ನೂ ಬಿಟ್ಟರೆ ಹುಣ್ಣು ಕಟ್ಟಲು ಸಾಮಗ್ರಿಯೇ ಇಲ್ಲ. ನುಂಗಲು ಕಷ್ಟವಿದ್ದರೆ ಅಂಬಲಿಗೆ ಹಾಲಿನ ಪುಡಿ, ಹುರಿಗಡಲೆ ಹಿಟ್ಟು ಬೆರೆಸಬಹುದು. ಗಟ್ಟಿ ಮೊಸರು, ಮಸೆದ ಬೇಳೆ, ಬೇಯಿಸಿ ಕಿವುಚಿದ ಮೊಟ್ಟೆಯೂ ಆಗುತ್ತದೆ. ಮೂತ್ರಪಿಂಡದ ಕಾಯಿಲೆಯವರು ಮಾತ್ರ ವೈದ್ಯರನ್ನು ಕೇಳಿಯೇ ಪ್ರೋಟೀನು ಹೆಚ್ಚಿಸಬೇಕು.

ನೋಡಿಕೊಳ್ಳುವವರು

ಕರ್ನಾಟಕದ ನಗರಗಳಲ್ಲಿ ‘ಹೋಂ ನರ್ಸ್’ ಎಂದು ಕರೆಯುವವರಲ್ಲಿ ಹೆಚ್ಚಿನವರು ನರ್ಸಿಂಗ್ ಓದಿದವರಲ್ಲ. ಏಜೆನ್ಸಿಗಳು ಕೆಲ ದಿನಗಳ ತರಬೇತಿ ಕೊಟ್ಟೋ ಕೊಡದೆಯೋ ಕಳಿಸುವ ಆರೈಕೆಗಾರರು. ಹೊರಳಿಸುವುದು, ಚರ್ಮ ನೋಡುವುದು, ಉಣ್ಣಿಸುವುದು ಇವರು ಚೆನ್ನಾಗಿ ಮಾಡಬಲ್ಲ ಕೆಲಸ. ಗಾಯ ಕತ್ತರಿಸುವುದು, ಔಷಧಿ ನಿರ್ಧರಿಸುವುದು ಅಲ್ಲ. ಮಕ್ಕಳು ಅಮೆರಿಕದಲ್ಲೋ ಕೊಲ್ಲಿ ದೇಶದಲ್ಲೋ ಇದ್ದು ತಂದೆ–ತಾಯಿ ಮೈಸೂರಿನಲ್ಲೋ ಮಂಗಳೂರಿನಲ್ಲೋ ಇರುವ ಮನೆಗಳಲ್ಲಿ ವಾಟ್ಸ್‌ಆ್ಯಪ್ ಫೋಟೋವೇ ರೋಗಿಯ ಕಡತ. ಅದೇ ಬೆಳಕು, ಅದೇ ದೂರ, ಪಕ್ಕದಲ್ಲಿ ಒಂದು ಅಳತೆಪಟ್ಟಿ ಇಟ್ಟು ತೆಗೆದರೆ ಆ ಫೋಟೋದಿಂದ ವೈದ್ಯರಿಗೂ ಉಪಯೋಗ. 2020ರ ಮಾರ್ಚಿನಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಗಳು ದೂರದಿಂದ ಸಲಹೆ ನೀಡುವುದಕ್ಕೆ ಸ್ಪಷ್ಟ ನಿಯಮಗಳನ್ನು ಒದಗಿಸಿವೆ.

ಮನೆಗೇ ಬರುವ ಸಾರ್ವಜನಿಕ ಆರೈಕೆಯಲ್ಲಿ ನೆರೆಯ ಕೇರಳ ಬಹಳ ಮುಂದಿದೆ. 1993ರಲ್ಲಿ ಕೋಝಿಕ್ಕೋಡಿನಲ್ಲಿ ಎಂ.ಆರ್. ರಾಜಗೋಪಾಲ್, ಸುರೇಶ್ ಕುಮಾರ್ ಮೊದಲಾದವರು ಆರಂಭಿಸಿದ ನೋವು ನಿವಾರಣಾ ಕೇಂದ್ರ ಊರೂರಿನ ಸ್ವಯಂಸೇವಕರ ಜಾಲವಾಗಿ ಬೆಳೆಯಿತು. 2008ರಲ್ಲಿ ರಾಜ್ಯ ಸರ್ಕಾರ ಉಪಶಾಮಕ ಆರೈಕೆಯ ನೀತಿ ಪ್ರಕಟಿಸಿದ ಮೇಲೆ ಪಂಚಾಯತಿಗಳು ದಾದಿಯರನ್ನು ನೇಮಿಸಿಕೊಂಡು ಹಾಸಿಗೆ ಹಿಡಿದವರ ಮನೆಗಳಿಗೆ ಕಳಿಸತೊಡಗಿದವು. ಕ್ಯಾಥೆಟರ್ ಬದಲಿಸುವುದು, ಹುಣ್ಣು ತೊಳೆಯುವುದು, ಮನೆಯವರಿಗೆ ಕಲಿಸುವುದು ಅವರ ದಿನಚರಿ. ಬೆಂಗಳೂರಿನಲ್ಲಿ ಕರುಣಾಶ್ರಯ ಕ್ಯಾನ್ಸರ್ ರೋಗಿಗಳ ಮನೆಗಳಿಗೆ ತಂಡ ಕಳಿಸುತ್ತದೆ. ಆದರೆ ಪಾರ್ಶ್ವವಾಯುವಿನಿಂದ ಮಲಗಿದ ಹಳ್ಳಿಯ ವೃದ್ಧರ ಮನೆ ಬಾಗಿಲಿಗೆ ಡ್ರೆಸ್ಸಿಂಗ್ ಪೆಟ್ಟಿಗೆ ಹಿಡಿದು ಬರುವ ದಾದಿಯನ್ನು ಪ್ರತಿ ಪಂಚಾಯತಿಯಲ್ಲೂ ಒದಗಿಸುವಲ್ಲಿ ಕರ್ನಾಟಕ ಇನ್ನೂ ಹಿಂದಿದೆ.

ಮಾಯದಿರುವುದು, ಮಾಯ್ದ ಮೇಲೆ

ಎಲ್ಲ ಹುಣ್ಣೂ ಮಾಯುವುದಿಲ್ಲ. ಕರೆನ್ ಲೂ ಕೆನಡಿ ಎಂಬ ಅಮೆರಿಕದ ದಾದಿ 1989ರಲ್ಲಿ, ಬದುಕಿನ ಕೊನೆಯ ದಿನಗಳಲ್ಲಿ ತ್ರಿಕಾಸ್ಥಿಯ ಮೇಲೆ ಗಂಟೆಗಳಲ್ಲಿ ಕಾಣಿಸಿಕೊಳ್ಳುವ ಹುಣ್ಣನ್ನು ಪ್ರತ್ಯೇಕವಾಗಿ ವಿವರಿಸಿದರು. ಇತರ ಅಂಗಗಳಂತೆ ಚರ್ಮವೂ ಸೋಲುತ್ತದೆ. ಅದು ಯಾರ ಅಲಕ್ಷ್ಯವೂ ಅಲ್ಲ ಎಂದು ಮನೆಯವರಿಗೆ ಮೊದಲೇ ತಿಳಿಸಬೇಕು. ಆಗ ಗುರಿ ಬದಲಾಗುತ್ತದೆ. ಹೊರಳಿಸುವುದು ರೋಗಿಗೆ ಹಿಂಸೆಯಾಗದಷ್ಟು, ಡ್ರೆಸ್ಸಿಂಗ್ ಆದಷ್ಟು ವಿರಳ. ವಾಸನೆಗೆ ಮೆಟ್ರೊನಿಡಜೋಲ್ ಮಾತ್ರೆಯನ್ನು ಪುಡಿಮಾಡಿ ಗಾಯಕ್ಕೆ ಉದುರಿಸುವುದು ಭಾರತದ ಉಪಶಾಮಕ ಘಟಕಗಳಲ್ಲಿ ರೂಢಿಯಲ್ಲಿರುವ, ಕೆಲವೇ ರೂಪಾಯಿಯ ಉಪಾಯ. ಹುಳು ಬಿದ್ದ ಗಾಯಕ್ಕೆ ಟರ್ಪಂಟೈನ್ ಎಣ್ಣೆಯಲ್ಲಿ ಅದ್ದಿದ ಗಾಜ್ ಬಟ್ಟೆಯನ್ನು ಸ್ವಲ್ಪ ಹೊತ್ತು ಅಂಚಿಗಿಟ್ಟು, ಹೊರಬಂದವನ್ನು ಚಿಮಟದಿಂದ ತೆಗೆಯುತ್ತಾರೆ.

ಮಾಯ್ದ ಹುಣ್ಣಿನ ಕಲೆ ಎಷ್ಟು ಬಲಿತರೂ ಮೂಲ ಚರ್ಮದ ಸುಮಾರು ಶೇ. 80ರಷ್ಟು ಬಲವನ್ನಷ್ಟೇ ಮುಟ್ಟುತ್ತದೆ. ಮಧುಮೇಹದ ಪಾದದ ಹುಣ್ಣು ವಾಸಿಯಾದವರಲ್ಲಿ ಸುಮಾರು ಶೇ. 40 ಮಂದಿಗೆ ಒಂದು ವರ್ಷದೊಳಗೆ ಮತ್ತೆ ಹುಣ್ಣಾಗುತ್ತದೆ. ಹಾಗಾಗಿ ಎಂಸಿಆರ್ ಚಪ್ಪಲಿ ಸವೆದಾಗ ಹೊಸದು ತರಬೇಕು, ಅಭಿಧಮನಿಯ ಹುಣ್ಣು ಮಾಯ್ದವರು ಬೆಳಗ್ಗೆ ಮಂಚದಿಂದ ಇಳಿಯುವ ಮುಂಚೆಯೇ ಬಿಗಿ ಕಾಲುಚೀಲ ತೊಡಬೇಕು, ಆರು ತಿಂಗಳಿಗೊಮ್ಮೆ ಅದನ್ನು ಬದಲಿಸಬೇಕು. ಹಾಸಿಗೆ ಹುಣ್ಣಿದ್ದ ಜಾಗ ಮುಚ್ಚಿದ ಮೇಲೂ ಏರ್ ಬೆಡ್ ಹಿಂದಿರುಗಿಸುವ ಆತುರ ಬೇಡ. ಆ ಕಲೆಯ ಮೇಲೆ ಮೊದಲ ಸಲ ಅರ್ಧ ಗಂಟೆ ಮಲಗಿಸಿ, ತಿರುಗಿಸಿ, ಕೈಯಿಂದ ಮುಟ್ಟಿ ನೋಡಿ, ಬಿಸಿ ಇಲ್ಲವೆಂದಾದರೆ ಮರುದಿನ ಹೊತ್ತನ್ನು ಸ್ವಲ್ಪ ಹೆಚ್ಚಿಸಬಹುದು.